ಹಿಂದಿನ ಚಕ್ರ ಜಾರಿದಾಗ

ಹಿಯೆಟವಾರಾ,
14 ನವೆಂಬರ್ 1982

ನಿವೃತ್ತ ವಾಹನ ತಪಾಸಣಾಧಿಕಾರಿ ಕಲೆರ್ವೊ ಹೌತಲಾ ಅವರಿಗೆ,

ಇದೊಂದು ತಾಂತ್ರಿಕ ಪ್ರಶ್ನೆ. ಅದಕ್ಕೇ ಫೋನು ಮಾಡದೆ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀವು ಎತ್ತಿ, ನನ್ನ ದನಿ ಕೇಳಿ, "ತಾಳು, ಅಮ್ಮನಿಗೆ ಕೊಡ್ತೀನಿ" ಅನ್ನುತ್ತೀರಿ. ಹನ್ನೊಂದು ವರ್ಷದಿಂದ ನಿಮ್ಮ ಬಾಯಿಂದ ನಾನು ಕೇಳಿರುವುದು ಈ ಮೂರೇ ಮಾತು. ಅಮ್ಮನಿಗೆ ಕಾರಿನ ಬಗ್ಗೆ ಗೊತ್ತಿರುವುದು ಅದರ ಬಣ್ಣ ಮಾತ್ರ.

ಆಗಸ್ಟ್ ತಿಂಗಳಿಂದ ನಾನು ಇಲ್ಲಿ ಪಂಚಾಯಿತಿಯ ದನದ ಡಾಕ್ಟರು. ಸ್ವಂತ ಕಾರಿನಲ್ಲಿ ಹಳ್ಳಿ ಹಳ್ಳಿ ತಿರುಗಬೇಕು. ನನ್ನದು ಕೆಂಪು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಎಳೆಯುವುದು ಹಿಂದಿನ ಚಕ್ರ, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಯಾಕೆ ತಗೊಂಡೆ ಎಂದು ಕೇಳಬೇಡಿ. ಹೆಲ್ಸಿಂಕಿಯಲ್ಲಿ ಓದು ಮುಗಿದ ವಾರ ಅಂಗಡಿಯ ಗಾಜಿನಾಚೆ ನಿಂತಿತ್ತು, ಬೇಕೆನಿಸಿತು, ತಗೊಂಡೆ. ಬೇಸಿಗೆಯಲ್ಲಿ ಅದು ಬಂಗಾರ. ಹಿಮ ಬಿದ್ದ ಮೇಲೆ ಮೂರು ವಾರದಲ್ಲಿ ಮೂರು ಸಲ ರಸ್ತೆ ಪಕ್ಕದ ಹಳ್ಳಕ್ಕೆ ಇಳಿದಿದ್ದೇನೆ.

ಮೂರನೆಯ ಸಲ ಕೆಂಪಾಯ್ನೆನ್ ಎಂಬ ರೈತನ ಮನೆಗೆ ಹೊರಟಿದ್ದೆ. ಅವನ ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಿತ್ತು. ಚರ್ಚಿನ ತಿರುವಿನಲ್ಲಿ ಕಾರಿನ ಹಿಂಭಾಗ ನನ್ನನ್ನು ದಾಟಿಕೊಂಡು ಮುಂದೆ ಹೋಗಲು ನೋಡಿತು. ಬ್ರೇಕು ಒತ್ತಿದೆ. ಹಳ್ಳದಲ್ಲಿದ್ದೆ. ಟ್ರ್ಯಾಕ್ಟರ್ ಬಂದು ಎಳೆದು, ನಾನು ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ. ಹಸು ಉಳಿಯಿತು, ಕರು ಉಳಿಯಲಿಲ್ಲ. ಎಳೆದ ಟ್ರ್ಯಾಕ್ಟರು ಕೆಂಪಾಯ್ನೆನ್‌ನದೇ. ನರಳುವ ಹಸುವನ್ನು ಹೆಂಡತಿಯ ಕೈಗೆ ಬಿಟ್ಟು ಬಂದಿದ್ದ. ಬೈಯಲಿಲ್ಲ. "ಮುಂದಿನ ಸಲ ನಾನೇ ಬಂದು ಕರ್ಕೊಂಡ್ ಹೋಗ್ತೀನಿ ಡಾಕ್ಟ್ರಮ್ಮ, ಟ್ರ್ಯಾಕ್ಟರ್ ಹೆಂಗೂ ಬರಲೇಬೇಕಲ್ಲ" ಅಂದ. ಬೈದಿದ್ದರೆ ವಾಸಿಯಿತ್ತು.

ನನ್ನ ಕೆಲಸ ಫೆಬ್ರವರಿ ಕೊನೆಯವರೆಗೆ ಪರೀಕ್ಷೆಯ ಮೇಲೆ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪಂಚಾಯಿತಿಯವರು ಕಾಗದದಲ್ಲೇ ತಿಳಿಸಿದ್ದಾರೆ. ನನಗೆ ಈ ಕೆಲಸ ಬೇಕು. ಬೇರೆ ಕಾರು ಕೊಳ್ಳಲು ಈ ಚಳಿಗಾಲ ದುಡ್ಡಿಲ್ಲ.

ಕುಣಿಯಲಾರದವಳು ನೆಲ ಡೊಂಕು ಅಂದಳು ಎನ್ನಿಸಿಕೊಳ್ಳಬಾರದೆಂದು, ನಾನು ಮಾಡಿರುವುದನ್ನೂ ಬರೆಯುತ್ತೇನೆ. ಎಳೆಯುವುದು ಹಿಂದಿನ ಚಕ್ರವಾದ್ದರಿಂದ ಹಿಂದಿನ ಎರಡಕ್ಕೆ ಹಿಮ ಕಚ್ಚಿ ಹಿಡಿಯುವ ಮೊಳೆ ಟೈರು ಹಾಕಿಸಿದ್ದೇನೆ. ಹಿಂದೆ ಭಾರ ಬೇಕೆಂದು ನೆರೆಯವರು ಹೇಳಿದರು. ಹಬೆಸ್ನಾನದ ಸೌನಾ ಒಲೆಯಿಂದ ತೆಗೆದ ಹಳೆಯ ಕಲ್ಲುಗಳನ್ನು ಡಿಕ್ಕಿಗೆ ತುಂಬಿದ್ದೇನೆ, ಸುಮಾರು ಎಂಬತ್ತು ಕಿಲೋ.

1971ರ ಅಕ್ಟೋಬರಿನಲ್ಲಿ ನನ್ನ ಲೈಸೆನ್ಸ್ ಪರೀಕ್ಷೆಯ ಹಾಳೆಯ ಮೇಲೆ "ಫೇಲು. ಜಾರುವ ರಸ್ತೆಯಲ್ಲಿ ವಾಹನದ ಮೇಲೆ ಹಿಡಿತ ಸಾಲದು" ಎಂದು ಬರೆದವರು ನೀವು. ಹಾಗಾಗಿ ಹಿಡಿತ ಎಂದರೇನೆಂದು ನಿಮಗೆ ಗೊತ್ತಿರಬೇಕು. ಅಡ್ಡಗೋಡೆಯ ಮೇಲೆ ದೀಪ ಇಡದೆ ಉತ್ತರಿಸಿ.

ಐರಾ ಹೌತಲಾ
ಪಶುವೈದ್ಯೆ


ಲಾಂಪಿಸಾಲೊ,
19 ನವೆಂಬರ್ 1982

ಐರಾಳಿಗೆ,

ನಿನ್ನ ಪತ್ರ ಹದಿನೇಳನೆಯ ತಾರೀಖು ತಲುಪಿತು.

ಸೌನಾದ ಕಲ್ಲು ಇರಬೇಕಾದ ಜಾಗ ಸೌನಾ. ಡಿಕ್ಕಿಯಲ್ಲಿ ಬಿಡಿ ಕಲ್ಲು ಇಟ್ಟುಕೊಂಡು ತಿರುವಿಗೆ ಹೋದರೆ ಕಾರಿಗಿಂತ ಒಂದು ಕ್ಷಣ ತಡವಾಗಿ ಕಲ್ಲು ತಿರುಗುತ್ತದೆ. ಆಗ ಕಾರಿನ ಬಾಲಕ್ಕೆ ಬೀಳುವ ಪೆಟ್ಟು ಸುತ್ತಿಗೆಯ ಪೆಟ್ಟು. ಇವತ್ತೇ ತೆಗೆ. ಅದರ ಬದಲು ಒಣ ಮರಳು, ಮೂರು ಗಟ್ಟಿ ಚೀಲ, ಒಟ್ಟು ಐವತ್ತು ಕಿಲೋ. ಹಿಂದಿನ ಅಚ್ಚಿನ ಮೇಲೆ ಬರಬೇಕು, ಅದರಿಂದಾಚೆ ಬಾಲದ ತುದಿಗಲ್ಲ. ಹಗ್ಗ ಹಾಕಿ ಕಟ್ಟು. ಒದ್ದೆ ಮರಳು ಹೆಪ್ಪುಗಟ್ಟಿ ಮತ್ತೆ ಕಲ್ಲೇ ಆಗುತ್ತದೆ. ಒಣಗಿದ್ದರೆ ಸಿಕ್ಕಿಬಿದ್ದಾಗ ಚಕ್ರದ ಕೆಳಗೆ ಎರಚಲೂ ಬಂತು. ಪೆಟ್ರೋಲ್ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯಬಾರದು.

ಮೊಳೆ ಟೈರು ನಾಲ್ಕೂ ಚಕ್ರಕ್ಕೆ. ಈ ಮಾತನ್ನು ನನ್ನ ಮಗಳಿಗೆ ಬರೆಯಬೇಕಾಗಿ ಬಂದದ್ದು ನನಗೆ ನಾಚಿಕೆ. ಎಳೆಯುವುದು ಹಿಂದಿನದು, ನಿಜ. ತಿರುಗಿಸುವುದು ಮುಂದಿನದು, ನಿಲ್ಲಿಸುವುದೂ ಬಹುಪಾಲು ಮುಂದಿನದೇ. ನೀನು ಬರೆದಿಲ್ಲ, ಆದರೆ ಮೂರರಲ್ಲಿ ಒಂದು ಸಲವಾದರೂ ಸ್ಟೇರಿಂಗ್ ತಿರುಗಿಸಿದರೂ ಕಾರು ಕೇಳದೆ ನೇರ ಹೋಗಿ ಹಳ್ಳಕ್ಕೆ ಬಿದ್ದಿರಬೇಕು.

ಇಷ್ಟು ಮಾಡಿ ತಿಳಿಸು. ಆಮೇಲೆ ಕೈಕಾಲಿನ ವಿಷಯ.

ಕ. ಹೌತಲಾ
ನಿವೃತ್ತ ವಾಹನ ತಪಾಸಣಾಧಿಕಾರಿ

ಇದರ ಕೆಳಗೆ ನಾನು, ಅಮ್ಮ. ನಿನ್ನ ಪತ್ರವನ್ನು ನಾಲ್ಕು ಸಲ ಓದಿದರು, ಆಮೇಲೆ ಶೆಡ್ಡಿಗೆ ಹೋಗಿ ಮರಳು ತೂಗಿ ನೋಡಿದರು. ನಲವತ್ತೆಂಟು ಕಿಲೋ ಆಗಿದ್ದಕ್ಕೆ ಇನ್ನೆರಡು ಹಾಕಿದರು. ಆ ಮರಳು ಈಗ ಶೆಡ್ಡಿನ ನಡುವೆ ಕೂತಿದೆ, ನನ್ನ ಸೈಕಲ್ ತೆಗೆಯಲು ಬರುತ್ತಿಲ್ಲ. ಅಪ್ಪನಿಗೆ "ನೀವು" ಎಂದು ಬರೆದಿದ್ದೀಯ. ಪಂಚಾಯಿತಿಗೆ ಬರೆಯುವ ಪತ್ರ ತಪ್ಪಿ ಇಲ್ಲಿಗೆ ಬಂತೇನೋ ಅಂದುಕೊಂಡೆ. ಉಣ್ಣೆಯ ಕಾಲುಚೀಲ ಬೇರೆ ಕಟ್ಟಿನಲ್ಲಿ ಬರುತ್ತಿದೆ.


ಹಿಯೆಟವಾರಾ,
5 ಡಿಸೆಂಬರ್ 1982

ತಪಾಸಣಾಧಿಕಾರಿಗಳಿಗೆ,

ನೇರ ಹೋಗಿ ಬಿದ್ದದ್ದು ಎರಡನೆಯ ಸಲ. ಅದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳುವುದಿಲ್ಲ.

ಕಲ್ಲು ತೆಗೆದೆ. ನಿಮ್ಮ ಪತ್ರ ಬರುವ ಹಿಂದಿನ ದಿನ ಅವುಗಳಲ್ಲೊಂದು ತಾನಾಗೇ ಸೀಟಿನ ಹಿಂಬದಿ ದಾಟಿ ನನ್ನ ಪಕ್ಕಕ್ಕೆ ಬಂದು ಕೂತಿತ್ತು. ಔಷಧದ ಪೆಟ್ಟಿಗೆ ಚಪ್ಪಟೆ. ಈಗ ಮರಳು, ಮೂರು ಚೀಲ, ಹಗ್ಗ. ನಾಲ್ಕೂ ಟೈರಿಗೆ ಮೊಳೆ. ಕೆಂಪಾಯ್ನೆನ್ ಡಿಕ್ಕಿ ತೆರೆಸಿ ನೋಡಿದ. "ಇದ್ ಯಾರ್ ಕಟ್ಟಿದ ಗಂಟು?" ಅಂದ. ನಾನೇ ಅಂದೆ. "ಹಂಗಾದ್ರೆ ಗಾಡಿ ಹಳ್ಳಕ್ಕೆ ಬಿದ್ರೂ ಮರಳು ಬೀಳಕ್ಕಿಲ್ಲ ಬಿಡಿ" ಅಂದ.

ವ್ಯತ್ಯಾಸ ಗೊತ್ತಾಗುತ್ತಿದೆ. ಎರಡು ವಾರದಿಂದ ಹಳ್ಳಕ್ಕೆ ಇಳಿದಿಲ್ಲ. ಆದರೆ ಅದು ನಾನು ಎತ್ತಿನ ಗಾಡಿಯ ಹಾಗೆ ಓಡಿಸುತ್ತಿರುವುದರಿಂದ. ಚರ್ಚಿನ ತಿರುವು ಬಂದರೆ ನಡಿಗೆಯ ವೇಗಕ್ಕೆ ಇಳಿಸುತ್ತೇನೆ. ಹೀಗೆ ಹೋದರೆ ಹದಿನಾಲ್ಕು ಕಿಲೋಮೀಟರಿಗೆ ಅರ್ಧ ಗಂಟೆಯ ಮೇಲೆ ಬೇಕು, ಅಷ್ಟು ಹೊತ್ತು ಯಾವ ಕರುವೂ ಕಾಯುವುದಿಲ್ಲ.

ಕೈಕಾಲಿನ ವಿಷಯ ಬರೆಯುತ್ತೇನೆ ಅಂದಿದ್ದಿರಿ. ಹಿಂದಿನ ಚಕ್ರ ಜಾರಿದಾಗ ಏನು ಮಾಡಬೇಕು?

ಐರಾ ಹೌತಲಾ

ಅಮ್ಮನಿಗೆ: ಕಾಲುಚೀಲ ಬಂತು. ಕ್ರಿಸ್ಮಸ್‌ಗೆ ಬರಲಾಗುವುದಿಲ್ಲ, ಡ್ಯೂಟಿ ನನ್ನದೇ. ನಾನೇ ಕೇಳಿ ಹಾಕಿಸಿಕೊಂಡೆ ಎಂದು ಅಪ್ಪನಿಗೆ ಹೇಳಬೇಡ.


ಲಾಂಪಿಸಾಲೊ,
11 ಡಿಸೆಂಬರ್ 1982

ಐರಾಳಿಗೆ,

ಜಾರಿದ ಮೇಲೆ ಮಾಡುವುದು ಸ್ವಲ್ಪ. ಜಾರುವ ಮೊದಲು ಮಾಡುವುದೇ ಹೆಚ್ಚು. ವೇಗ ಇಳಿಸುವುದು ನೇರ ರಸ್ತೆಯಲ್ಲಿ, ತಿರುವು ಶುರುವಾಗುವ ಮುಂಚೆ. ತಿರುವಿನೊಳಗೆ ಯಾವುದನ್ನೂ ಥಟ್ಟನೆ ಮಾಡಬಾರದು. ಹೊರಡುವಾಗ ಎರಡನೆಯ ಗೇರು, ಕ್ಲಚ್ಚನ್ನು ಮಲಗಿದ ಮಗುವಿನ ಮೇಲಿಂದ ಹೊದಿಕೆ ತೆಗೆಯುವ ಹಾಗೆ ಬಿಡಬೇಕು. ಕಡುಚಳಿಗೆ ಹೆದರಬೇಡ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದಾಗ ಹಿಮ ಟೈರನ್ನು ಹಿಡಿದುಕೊಳ್ಳುತ್ತದೆ. ಸೊನ್ನೆಯ ಆಸುಪಾಸಿನ ದಿನವೇ ಶತ್ರು.

ಆದರೂ ಹಿಂದಿನ ಚಕ್ರ ಜಾರಿತು ಅಂದುಕೊ. ಬ್ರೇಕು ಮುಟ್ಟಬೇಡ. ಆಕ್ಸಿಲರೇಟರಿನಿಂದ ಕಾಲನ್ನು ಕಿತ್ತು ತೆಗೆಯಬೇಡ, ಸಡಿಲಿಸು. ಕಣ್ಣು ಹಳ್ಳದ ಮೇಲೆ ಇರಬಾರದು, ಹೋಗಬೇಕಾದ ಕಡೆ ಇರಬೇಕು. ಕಣ್ಣು ಹೋದಲ್ಲಿಗೆ ಕೈ ಹೋಗುತ್ತದೆ. ಬಾಲ ಯಾವ ಕಡೆ ಹೋಯಿತೋ ಆ ಕಡೆಗೇ ಸ್ಟೇರಿಂಗ್ ತಿರುಗಿಸು, ಮತ್ತೆ ಕಾರು ನೇರವಾಗುವ ಮೊದಲೇ ವಾಪಸು ತರಲು ಶುರುಮಾಡು. ನೇರವಾದ ಮೇಲೆ ತಂದರೆ ತಡವಾಯಿತು, ಬಾಲ ಇನ್ನೊಂದು ಕಡೆಗೆ ಬೀಸುತ್ತದೆ. ಬಹಳ ಜನ ಬೀಳುವುದು ಆ ಎರಡನೆಯ ಬೀಸಿಗೆ.

ಇದನ್ನು ಓದಿ ಕಲಿಯಲಾಗದು. ಕೆರೆಯ ನೀರು ಮಂಜುಗಡ್ಡೆಯಾದ ಮೇಲೆ, ಅಲ್ಲಿ ಮೀನು ಹಿಡಿಯುವವರನ್ನು ಕೇಳಿ, ತೂತು ಕೊರೆದು ಅಳತೆ ನೋಡಿ, ಮೂವತ್ತು ಸೆಂಟಿಮೀಟರು ಗಟ್ಟಿ ಗಡ್ಡೆ ಇದ್ದರೆ ಮಾತ್ರ ಕಾರು ಇಳಿಸು. ಸೀಟ್ ಬೆಲ್ಟ್ ಹಾಕಬೇಡ, ಕಿಟಕಿ ತೆರೆದಿಡು. ಗಡ್ಡೆ ಒಡೆದರೆ ತಕ್ಷಣ ಹೊರಬರಲು ಅದೇ ಕ್ರಮ. ನಡುವೆ ಒಂದು ಬಕೆಟ್ಟು ಬೋರಲು ಹಾಕು. ಅದರ ಸುತ್ತ ಸುತ್ತು. ಮೊದಲು ನಿಧಾನ, ಆಮೇಲೆ ಬೇಕೆಂದೇ ಜಾರಿಸು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು.

1971ರ ಮಾತು ಎತ್ತಿದ್ದೀಯ. ಅದು ತಾಂತ್ರಿಕ ಪ್ರಶ್ನೆಯಲ್ಲ.

ಕ. ಹೌತಲಾ


ಹಿಯೆಟವಾರಾ,
2 ಜನವರಿ 1983

ತಪಾಸಣಾಧಿಕಾರಿಗಳಿಗೆ,

ಮೂವತ್ನಾಲ್ಕು ಸೆಂಟಿಮೀಟರು. ಕೊರೆದವನು ಕೆಂಪಾಯ್ನೆನ್. ಬಕೆಟ್ಟೂ ಅವನದೇ, ಹಾಲಿನದು. ಹೊಸ ವರ್ಷದ ಆಸುಪಾಸಿನ ಮೂರು ದಿನವೂ ಮಧ್ಯಾಹ್ನ ಕೆರೆಯ ಮೇಲೆ ಇದ್ದೆ. ಅವನು ಮೀನು ಹಿಡಿಯಲು ಕೊರೆದ ತೂತಿನ ಮುಂದೆ ಸ್ಟೂಲು ಹಾಕಿಕೊಂಡು, ಕಾಫಿಯ ಫ್ಲಾಸ್ಕು ಹಿಡಿದು ನೋಡುತ್ತ ಕೂತಿದ್ದ. "ಮೀನೆಲ್ಲ ಆಚೆ ದಡಕ್ಕೋದ್ವು. ಪರವಾಗಿಲ್ಲ, ಇಷ್ಟ್ ಮಜಾ ನಮ್ಮೂರಲ್ಲಿ ದಿನಾ ಸಿಗಕ್ಕಿಲ್ಲ" ಅಂದ.

ಮೊದಲ ದಿನ ಬಕೆಟ್ಟಿಗೆ ನಾಲ್ಕು ಸಲ ಗುದ್ದಿದೆ. ಎರಡನೆಯ ದಿನ ಬಾಲ ಬೀಸಿತು, ಕಾಲು ಸಡಿಲಿಸಿದೆ, ಕೈ ತಾನಾಗಿ ತಿರುಗಿತು, ತಾನಾಗಿ ವಾಪಸು ಬಂತು, ಕಾರು ಬಕೆಟ್ಟನ್ನು ಸುತ್ತಿಕೊಂಡು ಹೋಯಿತು. ಮತ್ತೆ ಮಾಡಿದೆ. ಮತ್ತೆ. ಖುಷಿಯಾಗಬೇಕಿತ್ತು. ಆಗಲಿಲ್ಲ, ಕಾರು ನಿಲ್ಲಿಸಿದೆ. ಯಾಕೆಂದರೆ ಇದು ಕಲಿತದ್ದಲ್ಲ. ಈ ಕೈಗೆ ಇದು ಮೊದಲೇ ಗೊತ್ತಿತ್ತು.

ಆ ಅಕ್ಟೋಬರಿನ ದಿನವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ, ಆದರೆ ಯಾವಾಗಲೂ ಕೊನೆಯಿಂದ, ನಿಮ್ಮ ಪೆನ್ನಿನಿಂದ. ಈ ಸಲ ಮೊದಲಿಂದ ನೆನೆದೆ. ಬೆಳಗ್ಗೆ ಹತ್ತು ಗಂಟೆ. ರಸ್ತೆಯ ಮೇಲೆ ಆ ವರ್ಷದ ಮೊದಲ ಹೆಪ್ಪು. ಡ್ರೈವಿಂಗ್ ಸ್ಕೂಲಿನ ಕಾರೂ ಹಿಂದಿನ ಚಕ್ರ ಎಳೆಯುವಂಥದ್ದೇ. ಪಕ್ಕದ ಸೀಟಿನಲ್ಲಿ ನೀವು, ನಿಮ್ಮ ಕಾಲ ಕೆಳಗೆ ಪರೀಕ್ಷಕರ ಬ್ರೇಕ್ ಪೆಡಲು. ಹಾಲಿನ ಡೇರಿಯ ತಿರುವಿನಲ್ಲಿ ಬಾಲ ಹೋಯಿತು. ನಾನು ಬ್ರೇಕು ಮುಟ್ಟಲಿಲ್ಲ. ಕಾಲು ಸಡಿಲಿಸಿದೆ, ತಿರುಗಿಸಿದೆ, ವಾಪಸು ತಂದೆ. ಕಾರು ನೇರವಾಯಿತು. ನೀವು ಪೆಡಲು ಒತ್ತಲಿಲ್ಲ. ಒಂದು ಮಾತೂ ಆಡಲಿಲ್ಲ. ಆಫೀಸಿಗೆ ಬಂದು ಫೇಲು ಎಂದು ಬರೆದಿರಿ.

ಈಗ ನನ್ನದೊಂದು ತಾಂತ್ರಿಕ ಪ್ರಶ್ನೆ. ಆ ದಿನ ನಾನು ಮಾಡಿದ ತಪ್ಪು ಯಾವುದು?

ಐರಾ


ಲಾಂಪಿಸಾಲೊ,
20 ಜನವರಿ 1983

ನನ್ನ ಐರಾ,

ನಿನ್ನಪ್ಪ ಬರೆಯುತ್ತಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಪತ್ರದಲ್ಲಿ ಏನಿತ್ತೋ ನನಗೆ ತೋರಿಸಲಿಲ್ಲ. ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು, ಆ ಅಂಗಿ ಒಗೆಯಲು ಕೊಡುತ್ತಿಲ್ಲ. ದಿನವೂ ಮೀನು ಹಿಡಿಯುತ್ತೇನೆಂದು ಗಡ್ಡೆಯ ಮೇಲೆ ಹೋಗಿ ಕೂರುತ್ತಾರೆ. ಒಂದು ಮೀನೂ ಬಂದಿಲ್ಲ. ನಿನ್ನೆ ನೋಡಿದರೆ ಗಾಳದ ಡಬ್ಬಿ ಮನೆಯಲ್ಲೇ ಇತ್ತು.

ಹನ್ನೊಂದು ವರ್ಷದಿಂದ ನಾನು ನಿಮ್ಮಿಬ್ಬರ ನಡುವಿನ ಪೋಸ್ಟಾಫೀಸು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ನಿನಗೂ ಗೊತ್ತು, ನೀನೂ ಅವರ ಮಗಳೇ ಎಂದು ನನಗೂ ಗೊತ್ತು. ಏನು ಕೇಳಿದ್ದೀಯೋ, ಕೇಳಿದ್ದು ಒಳ್ಳೆಯದಾಯಿತು ಎಂದೇ ನನಗನ್ನಿಸುತ್ತದೆ. ಸ್ವಲ್ಪ ತಾಳು.

ಅಮ್ಮ


ಲಾಂಪಿಸಾಲೊ,
3 ಫೆಬ್ರವರಿ 1983

ಐರಾ,

ಯಾವ ತಪ್ಪೂ ಇರಲಿಲ್ಲ.

ಇಷ್ಟು ಬರೆಯಲು ಒಂದು ತಿಂಗಳು ಹಿಡಿಯಿತು. ಉಳಿದದ್ದನ್ನು ಈಗ ಬರೆಯಬಹುದು.

ನಿನ್ನ ಪರೀಕ್ಷೆ ಮಾಡಬೇಕಿದ್ದವನು ಇನ್ನೊಬ್ಬ ತಪಾಸಣಾಧಿಕಾರಿ. ಅದು ಕಡವೆ ಬೇಟೆಯ ವಾರ, ಅವನು ಕಾಡಿಗೆ ಹೋಗಿದ್ದ. ಸ್ವಂತ ಮಗಳ ಪರೀಕ್ಷೆ ನಾನು ಮಾಡಬಾರದಿತ್ತು. ಒಂದು ವಾರ ಮುಂದಕ್ಕೆ ಹಾಕಬಹುದಿತ್ತು. ನಿನಗೆ ಅವಸರವಿತ್ತು, ನನಗೆ ಜಂಬವಿತ್ತು. ನಾನು ಯಾರ ಕಡೆಗೂ ವಾಲುವವನಲ್ಲ, ಮಗಳಾದರೇನು ಎಂದು ಹೇಳಿ ಕಾರು ಹತ್ತಿದೆ.

ಆ ಬೇಸಿಗೆಯಲ್ಲಿ ಡೇರಿ ಮ್ಯಾನೇಜರ ಮಗ ಯೊರ್ಮಾನನ್ನು ಎರಡು ಸಲ ಫೇಲು ಮಾಡಿದ್ದೆ. ಅದು ಸರಿಯಾಗಿತ್ತು. ಆದರೆ ಊರಿನಲ್ಲಿ, ಈಗ ತನ್ನ ಮಗಳಿಗೆ ಏನು ಮಾಡ್ತಾನೋ ನೋಡೋಣ ಎಂಬ ಮಾತಿತ್ತು. ನಾವು ವಾಪಸು ಬಂದಾಗ ಆಫೀಸಿನ ಬೆಂಚಿನ ಮೇಲೆ ಮೂರು ಜನ ಕೂತಿದ್ದರು, ಅವರಲ್ಲೊಬ್ಬರು ಯೊರ್ಮಾನ ಅಪ್ಪ. ಅವರು ನನ್ನ ಪೆನ್ನನ್ನು ನೋಡುತ್ತಿದ್ದರು.

ಡೇರಿಯ ತಿರುವಿನಲ್ಲಿ ನನ್ನ ಕಾಲು ಪೆಡಲಿನ ಮೇಲಿತ್ತು. ಒತ್ತುವ ಅಗತ್ಯ ಬರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅಷ್ಟು ಅಚ್ಚುಕಟ್ಟಾಗಿ ಜಾರು ತಿದ್ದಿದ ಹದಿನೆಂಟು ವರ್ಷದ ಇನ್ನೊಬ್ಬರನ್ನು ನಾನು ನೋಡಿಲ್ಲ. ಅದನ್ನು ಹಾಳೆಯ ಮೇಲೆ ಬರೆದರೆ ಅವರು ನಗುತ್ತಾರೆ ಅನಿಸಿತು. ಫೇಲು ಎಂದು ಬರೆದರೆ, ಎರಡು ವಾರ ಬಿಟ್ಟು ನೀನು ಮತ್ತೆ ಬರುತ್ತೀಯ, ಬೇಟೆಯಿಂದ ಬಂದವನು ಪಾಸು ಮಾಡುತ್ತಾನೆ, ಮುಗಿಯಿತು ಎಂದುಕೊಂಡೆ. ಎರಡು ವಾರದ ವಿಷಯ ಅಂದುಕೊಂಡೆ. ನೀನು ಆ ಶನಿವಾರವೇ ಹೆಲ್ಸಿಂಕಿಯ ರೈಲು ಹತ್ತಿದೆ.

ಹೋದವಳನ್ನು ಕರೆದು ಹೇಳಬಹುದಿತ್ತು. ಹೇಳಲಿಲ್ಲ. ನೀನು ಫೋನು ಮಾಡಿದಾಗಲೆಲ್ಲ ಆ ಮಾತು ಬಾಯಿಗೆ ಬಂದುಬಿಟ್ಟೀತು ಎಂಬ ಹೆದರಿಕೆಗೆ ಅಮ್ಮನಿಗೆ ಕೊಟ್ಟುಬಿಡುತ್ತಿದ್ದೆ. ನಾನು ನಿವೃತ್ತನಾದ ದಿನ ಆಫೀಸಿನಲ್ಲಿ ಭಾಷಣ ಮಾಡಿದರು. ಹೆತ್ತ ಮಗಳನ್ನೇ ಫೇಲು ಮಾಡಿದ ನ್ಯಾಯವಂತ ಎಂದು ಆ ಕಥೆಯನ್ನು ಎಲ್ಲರ ಮುಂದೆ ಹೇಳಿದರು, ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೇಕು ಕತ್ತರಿಸಿ ತಿಂದೆ.

ನಾನು ಮಾಡಿದ್ದು ತಪ್ಪು. ನನ್ನನ್ನು ಕ್ಷಮಿಸು ಎಂದು ಬರೆಯುವ ಯೋಗ್ಯತೆ ಇದೆಯೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ ಅಪ್ಪ


ಹಿಯೆಟವಾರಾ,
9 ಫೆಬ್ರವರಿ 1983

ಅಪ್ಪನಿಗೆ,

ಓದಿದೆ. ಸಿಟ್ಟು ಬಂದಿದೆ. ನಾಲ್ಕು ದಿನ ಬಿಟ್ಟು ಬರೆದರೆ ಕಡಿಮೆಯಾಗಬಹುದು ಅಂದುಕೊಂಡೆ, ಆಗಲಿಲ್ಲ.

ಅದರ ಮುಂದಿನ ವಸಂತದಲ್ಲಿ ಹೆಲ್ಸಿಂಕಿಯಲ್ಲಿ ನಾನು ಒಂದೇ ಸಲಕ್ಕೆ ಪಾಸಾದೆ. ಆದರೂ ಆ ಲೈಸೆನ್ಸನ್ನು ನಾನು ನಂಬಲಿಲ್ಲ. ಒಣ ರಸ್ತೆಯಲ್ಲಿ ಕೊಟ್ಟದ್ದು, ಆ ಪರೀಕ್ಷಕರಿಗೆ ನನ್ನ ಗುಟ್ಟು ಗೊತ್ತಿಲ್ಲ ಅಂದುಕೊಂಡೆ. ನಿಮಗೆ ಗೊತ್ತಿತ್ತು, ನೀವು ಸುಳ್ಳು ಬರೆಯುವವರಲ್ಲ ಎಂದು ಊರಿಗೇ ಗೊತ್ತಿತ್ತು. ಹಾಗಾಗಿ ರಸ್ತೆ ಜಾರಿದಾಗ ನನ್ನ ಕೈಗೆ ಬುದ್ಧಿಯಿಲ್ಲ ಎಂದೇ ನಾನು ಹನ್ನೊಂದು ವರ್ಷ ತಿಳಿದಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅದು ನೀವು.

ಕಲ್ಲು, ಟೈರು ನನ್ನ ತಪ್ಪು, ಒಪ್ಪಿದೆ. ಆದರೆ ನವೆಂಬರಿನಲ್ಲಿ ಚರ್ಚಿನ ತಿರುವಿನಲ್ಲಿ ಬಾಲ ಹೋದಾಗ ನನ್ನ ಕೈ ತಿರುಗಲು ಹೊರಟಿತ್ತು. ಈಗ ಚೆನ್ನಾಗಿ ನೆನಪಾಗುತ್ತಿದೆ. ನಾನು ಅದನ್ನು ನಂಬದೆ ಬ್ರೇಕು ಒತ್ತಿದೆ. ಆ ಕರುವಿಗೆ ಬಿಳಿ ಹಣೆಯಿತ್ತು. ಅರ್ಧ ನನ್ನ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ, ಇನ್ನರ್ಧ ನಿಮ್ಮದು.

ನನಗೆ ಬರೆದು ಕ್ಷಮೆ ಕೇಳುವುದು ಸುಲಭ. ನಿಮ್ಮ ಕೇಕು ತಿಂದವರಿಗೆ ಹೇಳಿ. ಅದಾದ ಮೇಲೆ ಬೇಕಾದರೆ ನನಗೆ ಬರೆಯಿರಿ.

ಐರಾ


ಲಾಂಪಿಸಾಲೊ,
21 ಫೆಬ್ರವರಿ 1983

ನನ್ನ ಐರಾ,

ಅವರು ಹೇಳಿದರು. ಎಲ್ಲಿ, ಹೇಗೆ ಎಂದು ಅವರು ಬರೆದರೆ ಒಂದು ಸಾಲು ಬರೆಯುತ್ತಾರೆ, ಅದಕ್ಕೇ ನಾನು ಬರೆಯುತ್ತೇನೆ.

ಮೊದಲು ನನಗೆ ಹೇಳಿದರು, ಹದಿನಾರನೆಯ ತಾರೀಖು, ಆಲೂಗಡ್ಡೆ ಸುಲಿಯುತ್ತಿದ್ದಾಗ. ನನಗೂ ಇದು ಗೊತ್ತಿರಲಿಲ್ಲ, ತಾಯಾಣೆ. ಕೇಳಿ ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ. ನಮ್ಮ ಮನೆಯಲ್ಲಿ ಅದು ಗೊತ್ತಾಗುವುದು ಕಷ್ಟ. ಮೂರನೆಯ ದಿನ, ನಾನು ಮಾತು ಬಿಟ್ಟಿದ್ದೇನೆ ಎಂದು ಹೇಳಬೇಕಾಯಿತು.

ಶನಿವಾರ ಬೇಟೆ ಸಂಘದ ವಾರ್ಷಿಕ ಸಭೆ, ಆಮೇಲೆ ಕಡವೆ ಮಾಂಸದ ಸೂಪಿನ ಊಟ. ಸೂಪು ಮಾಡುವವರು ನಾವು ಹೆಂಗಸರು, ಹಾಗಾಗಿ ಬಾಗಿಲಲ್ಲೇ ಇದ್ದೆ. ನಲವತ್ತು ಜನ. ಅಪ್ಪ ಒಂದು ವಾರ ಮೊದಲೇ ಅಧ್ಯಕ್ಷರಿಗೆ ಚೀಟಿ ಕೊಟ್ಟು, ಸಭೆಯ ಪಟ್ಟಿಯಲ್ಲಿ "ಇತರ ವಿಷಯಗಳು" ಅನ್ನುವ ಕಡೆ ತಮ್ಮ ಹೆಸರು ಹಾಕಿಸಿದ್ದರು. ನಾಯಿಗಳ ಲಸಿಕೆ ಮುಗಿದ ಮೇಲೆ ಇವರ ಸರದಿ. ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತರು.

"ಎಪ್ಪತ್ತೊಂದನೇ ಇಸವಿ ಅಕ್ಟೋಬರಲ್ಲಿ ನನ್ನ ಮಗಳು ಐರಾ ಪರೀಕ್ಷೇಲಿ ಪಾಸಾಗಿದ್ಲು. ನಿಮ್ಮ ಬಾಯಿಗೆ ಹೆದರಿ ನಾನು ಫೇಲು ಅಂತ ಬರೆದೆ. ನೀವೆಲ್ಲ ಅದಕ್ಕೆ ನನ್ನ ಹೊಗಳಿದ್ರಿ. ಆ ಹೊಗಳಿಕೆ ವಾಪಸ್ ತಗೊಳ್ಳಿ. ಇಷ್ಟೇ."

ಆಮೇಲೆ ಹಿಂದಿನ ಸಾಲಿನಿಂದ ಯೊರ್ಮಾ ಎದ್ದ. ಈಗ ಡೇರಿಗೆ ಅವನೇ ಮ್ಯಾನೇಜರು, ತಲೆ ಬೋಳಾಗಿದೆ.

"ಹಂಗಾದ್ರೆ ನಂದು?"

"ನಿಂದು ಸರಿಯಾಗೇ ಫೇಲು" ಅಂದರು ಅಪ್ಪ. "ಎರಡು ಸಲಾನೂ."

ಆಗ ನಕ್ಕರು, ಯೊರ್ಮಾನೂ ನಕ್ಕ. ಆದರೆ ಎಲ್ಲರೂ ನಗಲಿಲ್ಲ. ಕೆಲವರು ಊಟಕ್ಕೆ ಕೂರುವಾಗ ಅವರ ಪಕ್ಕದ ಕುರ್ಚಿ ಬಿಟ್ಟು ಆಚೆ ಹೋದರು. ಅಂದು ನಿನ್ನ ಪರೀಕ್ಷೆ ಮಾಡಬೇಕಿದ್ದ ಆ ಇನ್ನೊಬ್ಬ ತಪಾಸಣಾಧಿಕಾರಿ ಮಾತ್ರ ಬಂದು ಪಕ್ಕದಲ್ಲಿ ಕೂತು, "ನಾನು ಆ ವಾರ ಕಾಡಿಗ್ ಹೋಗಿ ಒಂದು ಮೊಲಾನೂ ಹೊಡೀಲಿಲ್ಲ ಕಣಯ್ಯ" ಅಂದ. ಅಪ್ಪ ಸೂಪು ಎರಡು ಸಲ ಹಾಕಿಸಿಕೊಂಡರು. ಮನೆಗೆ ಬರುವಾಗ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದರು. ಜಾರುತ್ತಿತ್ತು, ಅದಕ್ಕೆ ಅಂದರು. ಜಾರುತ್ತಿರಲಿಲ್ಲ.

ಅಮ್ಮ


ಹಿಯೆಟವಾರಾ,
2 ಮಾರ್ಚ್ 1983

ಅಪ್ಪ,

ಅಮ್ಮನ ಪತ್ರ ಬಂತು. ಅದರ ಬಗ್ಗೆ ಬರೆಯುವುದು ನನಗೂ ಬರುವುದಿಲ್ಲ. ಇಲ್ಲಿ ನಡೆದದ್ದು ಬರೆಯುತ್ತೇನೆ.

ಇಪ್ಪತ್ತಾರನೆಯ ತಾರೀಖು ಬೆಳಗ್ಗೆ ಏಳಕ್ಕೆ ಕೆಂಪಾಯ್ನೆನ್ ಫೋನು. "ಡಾಕ್ಟ್ರಮ್ಮ, ಇನ್ನೊಂದು ಹಸು. ಒಂದು ಕಾಲು ಮಾತ್ರ ಕಾಣಿಸ್ತೈತೆ. ಟ್ರ್ಯಾಕ್ಟರ್ ತರ್ಲಾ?" ಬೇಡ ಅಂದೆ. ಸೊನ್ನೆಗೆ ಒಂದು ಡಿಗ್ರಿ ಮೇಲಿತ್ತು, ರಸ್ತೆಯ ಗಡ್ಡೆಯ ಮೇಲೆ ಸಣ್ಣ ಮಳೆ, ಅದರ ಮೇಲೆ ಹಸಿ ಹಿಮ. ಶತ್ರು ಎಂದು ನೀನು ಬರೆದಿದ್ದೆಯಲ್ಲ, ಅಂಥದ್ದೇ ದಿನ.

ಚರ್ಚಿನ ಮುಂಚೆ ನೇರದಲ್ಲೇ ವೇಗ ಇಳಿಸಿದೆ. ಆದರೂ ಬಾಲ ಹೋಯಿತು, ದೊಡ್ಡದಾಗೇ ಹೋಯಿತು. ಹಳ್ಳ ಎಡಗಡೆ ಇದೆ ಎಂದು ಗೊತ್ತಿತ್ತು, ನೋಡಲಿಲ್ಲ. ಚರ್ಚಿನಾಚೆ ಹಾಲಿನ ಕ್ಯಾನು ಇಡುವ ಕಟ್ಟೆಯನ್ನೇ ನೋಡಿದೆ. ಕೈ ತಿರುಗಿತು, ನಾನು ಅದನ್ನು ಬಿಟ್ಟೆ, ಅದು ವಾಪಸು ತಂದಿತು. ಎರಡನೆಯ ಬೀಸು ಬರಲೇ ಇಲ್ಲ. ಹದಿನಾಲ್ಕು ಕಿಲೋಮೀಟರು, ಹತ್ತೊಂಬತ್ತು ನಿಮಿಷ. ದಾರಿಯಲ್ಲಿ ಅಳು ಬಂತು, ಓಡಿಸುತ್ತಲೇ ಅತ್ತೆ.

ಹೆಣ್ಣು ಕರು. ಬದುಕಿದೆ. ಮೊನ್ನೆ ಪಂಚಾಯಿತಿಯಿಂದ ಎರಡು ಸಾಲಿನ ಕಾಗದ ಬಂತು, ಕೆಲಸ ಕಾಯಂ.

ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ನೀನು ಬಾ. ನನ್ನ ಪಕ್ಕ ಕೂತು ಆ ತಿರುವಿನಲ್ಲಿ ಒಂದು ಸಲ ಹೋಗಬೇಕು. ಪಕ್ಕದ ಸೀಟಿನ ಕೆಳಗೆ ಪೆಡಲು ಇಲ್ಲ, ಮೊದಲೇ ಹೇಳಿರುತ್ತೇನೆ. ಸೀಟು ಎರಡೇ, ಅಮ್ಮನನ್ನು ಬಸ್ ಸ್ಟ್ಯಾಂಡಿನಿಂದ ಕೆಂಪಾಯ್ನೆನ್ ಕರೆತರುತ್ತಾನಂತೆ, ಟ್ರ್ಯಾಕ್ಟರಿನಲ್ಲಿ.

ಐರಾ


ಲಾಂಪಿಸಾಲೊ,
23 ಮಾರ್ಚ್ 1983

ಮಗಳೇ,

ನಾವು ಕ್ಷೇಮವಾಗಿ ಮನೆ ಸೇರಿದೆವು. ಅಮ್ಮ ಟ್ರ್ಯಾಕ್ಟರಿನ ಕಥೆಯನ್ನು ಬಸ್ಸಿನವರಿಗೆಲ್ಲ ಹೇಳಿದಳು.

ನಿನ್ನ ಕಾರಿನ ಎಡಗಡೆಯ ಹಿಂದಿನ ಲೈಟು ಸಡಿಲವಾಗಿದೆ. ಮರಳಿನ ಗಂಟು ಚೆನ್ನಾಗಿದೆ. ಚರ್ಚಿನ ತಿರುವಿನಲ್ಲಿ ನನ್ನ ಬಲಗಾಲು ಒಂದು ಸಲ ನೆಲ ಒತ್ತಿತು. ಅದು ನಿನ್ನ ಓಟಕ್ಕಲ್ಲ, ಹಳೆಯ ಅಭ್ಯಾಸ. ಅಲ್ಲಿ ನಾನು ಏನೂ ಮಾತಾಡಲಿಲ್ಲ. ಈಗ ಬರೆಯುತ್ತೇನೆ: ಅದೇ ಕೈ. ಡೇರಿಯ ತಿರುವಿನಲ್ಲಿ ನಾನು ನೋಡಿದ್ದ ಅದೇ ಕೈ.

ಇನ್ನೊಂದು ವಿಷಯ, ನಿನಗೆ ಗೊತ್ತಿಲ್ಲದ್ದು. ನೀನು ಕೊಟ್ಟಿಗೆಯಲ್ಲಿ ಕರುವನ್ನು ನೋಡುತ್ತಿದ್ದಾಗ ನಾವು ಕೆಂಪಾಯ್ನೆನ್‌ನ ಅಡುಗೆಮನೆಯಲ್ಲಿ ಕೂತಿದ್ದೆವು. ಅವನು ಕಾಫಿ ಬಗ್ಗಿಸುತ್ತ ಕೇಳಿದ, "ಡಾಕ್ಟ್ರಮ್ಮ ಹಿಮದಲ್ಲಿ ಹಂಗೆ ಓಡಿಸ್ತಾರಲ್ಲ, ನೀವೇ ಕಲಿಸಿದ್ದಾ?"

ಹೌದು ಅನ್ನುವುದು ಬಹಳ ಸುಲಭವಿತ್ತು. ಅವನು ಮೆಚ್ಚಿಕೊಳ್ಳಲು ತಯಾರಾಗಿ ಕೂತಿದ್ದ.

"ಇಲ್ಲಪ್ಪ" ಅಂದೆ. "ಅವಳಿಗೆ ಮೊದಲೇ ಬರ್ತಿತ್ತು. ಬರಲ್ಲ ಅಂತ ಬರೆದುಕೊಟ್ಟವನು ನಾನು."

ಅವನು ನನ್ನ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದ. ಆಮೇಲೆ ಅವನ ಹೆಂಡತಿ ನನ್ನ ಮುಂದೆ ಒಂದು ತುಂಡು ಕೇಕು ಇಟ್ಟಳು. ತಿಂದೆ. ಏಲಕ್ಕಿ ಹಾಕಿದ್ದರು, ಈ ಸಲ ರುಚಿ ಗೊತ್ತಾಯಿತು.

ಭಾನುವಾರ ಫೋನು ಮಾಡು. ನಾನೇ ಎತ್ತುತ್ತೇನೆ.

ಅಪ್ಪ